ಶಟರ್ ಎಳೆದ್ಮೇಲೆ ಫ್ರಿಜ್ ಕಥೆ

ಚಳ್ಳಕೆರೆ ಕಡೆ 12 ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸ್ತಿದೀನಿ. ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗಿರ್ಬೇಕು ಅಂತ ಡಿಫಾರ್ಮಾದಲ್ಲಿ (ಫಾರ್ಮಸಿ ಡಿಪ್ಲೊಮಾ) ಓದಿದ್ದು ಬಾಯಿಪಾಠ, ಆದ್ರೂ ರಾತ್ರಿ ಶಟರ್ ಎಳೆಯೋವಾಗ ಫ್ರಿಜ್ಜೂ ಸೇರಿ ಮೇನ್ ಸ್ವಿಚ್ ಆಫ್ ಮಾಡ್ಕೊಂಡು ಹೋಗ್ತಿದ್ದವನೂ ನಾನೇ. ಶಾರ್ಟ್ ಸರ್ಕ್ಯೂಟ್ ಭಯ ಅಂತ ಹೇಳ್ಕೊತಿದ್ದೆ, ನಿಜ ಅಂದ್ರೆ ಕರೆಂಟ್ ಬಿಲ್ ಭಯ.

ಒಂದಿನ ಒಬ್ರು ಅಜ್ಜಿ ಬಂದು "ಎರಡೊತ್ತು ಚುಚ್ಕೊಂಡ್ರೂ ಶುಗರ್ 300ರಿಂದ ಕೆಳಗಿಳೀತಿಲ್ಲ ಕಣಪ್ಪ, ನೀನು ಕೊಟ್ಟಿದ್ದು ಔಷಧಿನೋ ನೀರೋ" ಅಂದ್ರು. ಬಾಟ್ಲಿ ತರಿಸ್ದೆ. ಅವರದ್ದು 30/70 ಮಿಕ್ಸು, ಅಂದ್ರೆ ಎರಡು ಥರದ ಇನ್ಸುಲಿನ್ ಬೆರೆಸಿದ್ದು, ಅಂಗೈಲಿ ಉರುಳಿಸಿದ್ರೆ ಒಂದೇ ಸಮ ಹಾಲಿನ ಥರ ಆಗ್ಬೇಕು, ಇದು ಎಷ್ಟು ಉರುಳಿಸಿದ್ರೂ ಗಾಜಿಗೆ ಒಡೆದ ಹಾಲಿನ ಚೂರು ಅಂಟಿಕೊಂಡಂಗೇ ಇತ್ತು. ಮನೇಲಿ ಫ್ರಿಜ್ ಇಲ್ಲ, ಶೀಟಿನ ಮನೆ, ಟಿವಿ ಮೇಲಿಡ್ತಿದ್ರಂತೆ. ತಪ್ಪು ಅವರದ್ದೇ ಅಂದು ಕೈ ತೊಳ್ಕೊಬಹುದಿತ್ತು, ಮನಸ್ಸು ಬರ್ಲಿಲ್ಲ. ಅತಿ ಹೆಚ್ಚು, ಅತಿ ಕಡಿಮೆ ಎಷ್ಟಾಗಿತ್ತು ಅಂತ ತೋರಿಸೋ ಮ್ಯಾಕ್ಸ್-ಮಿನ್ ಥರ್ಮಾಮೀಟರ್ ತಂದು ನನ್ನ ಫ್ರಿಜ್ಜಲ್ಲೇ ಇಟ್ಟೆ, ಏಪ್ರಿಲ್ ತಿಂಗಳು, ಬೆಳಗ್ಗೆ ನೋಡಿದ್ರೆ ಮ್ಯಾಕ್ಸ್ 21.

ಇದ್ದ ಇನ್ಸುಲಿನ್ ಸ್ಟಾಕ್ ಅಷ್ಟೂ ಮಾರದೆ ಎತ್ತಿಟ್ಟೆ, ಯಾರೂ ವಾಪಸ್ ತಗೊಳಲ್ಲ, ದುಡ್ಡು ನನ್ನ ಕೈಯಿಂದಲೇ ಹೋಯ್ತು. ಫ್ರಿಜ್ಜಿಗೆ ಬೇರೆ ಲೈನ್ ಎಳೆಸಿ ಆ ಸ್ವಿಚ್ ಮೇಲೆ ಟೇಪ್ ಸುತ್ತಿದೆ. ಕರೆಂಟ್ ಹೋದ್ರೆ ತಣ್ಣಗೆ ಹಿಡ್ಕೊಳ್ಳಲಿ ಅಂತ ಕೆಳಗಡೆ ನೀರು ತುಂಬಿದ ಬಾಟ್ಲಿಗಳನ್ನ ಸಾಲಾಗಿ ಇಟ್ಟಿದೀನಿ. ಫ್ರೀಜರ್ ಹತ್ರ ಮಾತ್ರ ಇನ್ಸುಲಿನ್ ಇಡಲ್ಲ, ಹೆಪ್ಪುಗಟ್ಟಿದ್ರೂ ಕೆಟ್ಟಂಗೇ.

ಅಜ್ಜಿಗೆ ಹೊಸ ಬಾಟ್ಲಿ ಕೊಟ್ಟು ಮಡಕೆ ಉಪಾಯ ಹೇಳ್ದೆ. ದೊಡ್ಡ ಮಡಕೆಯೊಳಗೆ ಚಿಕ್ಕದಿಟ್ಟು ಮಧ್ಯ ಮರಳು ತುಂಬಿ, ದಿನಾ ಎರಡು ಸಲ ಮರಳಿಗೆ ನೀರು ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚೋದು. ನಮ್ಮ ಕಡೆ ಒಣಗಾಳಿ ನೋಡಿ, ಚೆನ್ನಾಗಿ ತಣಿಯುತ್ತೆ, ಹೊರಗೆ 38 ಇದ್ದಾಗ ಒಳಗೆ 26 ತೋರಿಸ್ತು. ಫ್ರಿಜ್ಜಿಗೆ ಸಮ ಅಲ್ಲ, ಆದ್ರೆ ಓಪನ್ ಮಾಡಿದ ಬಾಟ್ಲಿ ನಾಲ್ಕು ವಾರಕ್ಕೆ ಅಷ್ಟು ಸಾಕು. ಓಪನ್ ಮಾಡಿದ ತಾರೀಕು ಲೇಬಲ್ ಮೇಲೆ ನಾನೇ ಬರೆದು ಕೊಡ್ತೀನಿ, ಮಿಕ್ಕ ಬಾಟ್ಲಿ ಅವರ ಹೆಸರಲ್ಲಿ ನನ್ನ ಫ್ರಿಜ್ಜಲ್ಲೇ ಇರುತ್ತೆ. ಎರಡು ತಿಂಗಳಾದ್ಮೇಲೆ ಶುಗರ್ 170ಕ್ಕೆ ಬಂತು, ಬೈಯೋದು ಮಾತ್ರ ನಿಂತಿಲ್ಲ.

ಬಗೆಹರಿಯದ್ದು ಅಂಗಡಿಗೆ ಇನ್ಸುಲಿನ್ ಬರೋ ಬಸ್ ಪಾರ್ಸಲ್ ವಿಷ್ಯ. ಥರ್ಮಾಕೋಲ್ ಡಬ್ಬಿ ಬಿಚ್ಚಿದ್ರೆ ತಣ್ಣಗಿರ್ಬೇಕಾದ ಜೆಲ್ ಪ್ಯಾಕ್ ಬೆಚ್ಚಗಿರುತ್ತೆ, ವಾಪಸ್ ಕಳಿಸಿದ್ರೆ ಡಿಸ್ಟ್ರಿಬ್ಯೂಟರ್ ಕಡೆ ಹುಡುಗ "ಎಲ್ಲರೂ ತಗೋತಾರೆ, ನಿಮ್ದೊಂದೇ ಸಾರ್ ತಕರಾರು" ಅಂತಾನೆ. ಆ ಡಬ್ಬಿ ಆಮೇಲೆ ಯಾವ ಅಂಗಡಿಗೆ ಹೋಯ್ತು ಅಂತ ಕೇಳಿದ್ರೆ ಫೋನ್ ಇಟ್ಬಿಡ್ತಾನೆ.