ಮಂಡಿ ಸ್ಕ್ಯಾನ್ ಓದುತ್ತಾ ನಾನು ಎಡವಿದ ಜಾಗಗಳು

ನನ್ನ ಮೇಜಿನ ಖಾನೆಯಲ್ಲಿ ಒಂದು ಹಳೇ ನೋಟ್‌ಬುಕ್ ಇದೆ. ಎಡಪುಟದಲ್ಲಿ ಸ್ಕ್ಯಾನ್ ನೋಡಿ ನಾನು ಬರೆದ ವರದಿಯ ಸಾರ. ಬಲಪುಟದಲ್ಲಿ ಆರ್ಥ್ರೋಸ್ಕೋಪಿ, ಅಂದರೆ ಸಣ್ಣ ರಂಧ್ರದಿಂದ ಕೀಲಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಆಪರೇಷನ್, ಮಾಡಿದಾಗ ಸರ್ಜನ್ ಕಣ್ಣಿಗೆ ಬಿದ್ದದ್ದು. ಎರಡೂ ತಾಳೆಯಾಗದಿದ್ದರೆ ಕೆಂಪು ಗೆರೆ. ರೇಡಿಯಾಲಜಿಸ್ಟ್ ಆಗಿ ಮಂಡಿಯ ಬಗ್ಗೆ ನಾನು ಕಲಿತದ್ದರಲ್ಲಿ ಜಾಸ್ತಿ ಪಾಲು ಆ ಕೆಂಪು ಗೆರೆಗಳದ್ದೇ.

ಶುರುವಾದದ್ದು ಒಂದು ಫೋನ್ ಕರೆಯಿಂದ. ಆಟ ಆಡುವಾಗ ಮಂಡಿ ತಿರುಚಿಕೊಂಡ ಹುಡುಗನ ಎಂಆರ್‌ಐ ಓದಿದ್ದೆ. ಮಂಡಿಯೊಳಗೆ ಎರಡು ಮೂಳೆಗಳನ್ನು ಕಟ್ಟಿಹಿಡಿಯುವ ಎಸಿಎಲ್ ಲಿಗಮೆಂಟ್ ಹರಿದಿತ್ತು, ಅದು ಯಾರಿಗಾದರೂ ಕಾಣುವಂತಿತ್ತು. ಹೊರಬದಿಯ ಮೆನಿಸ್ಕಸ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಸರಿಯಿದೆ ಅಂತ ಬರೆದು ಕಳಿಸಿದೆ. ಕೆಲವು ದಿನ ಬಿಟ್ಟು ಸರ್ಜನ್ ಫೋನ್ ಮಾಡಿದರು. "ಡಾಕ್ಟ್ರೇ, ಹಿಂದುಗಡೆ, ಬುಡದ ಹತ್ತಿರ ಹರಿದಿತ್ತಲ್ಲಾ, ನೋಡ್ಲಿಲ್ವಾ?" ಚಿತ್ರಗಳನ್ನು ಮತ್ತೆ ತೆಗೆದೆ. ಮೆನಿಸ್ಕಸ್ ಮೂಳೆಗೆ ಅಂಟುವ ಬುಡದ ಹತ್ತಿರ, ಹರಿದದ್ದು ಅಲ್ಲೇ ಇತ್ತು. ದೊಡ್ಡ ಗಾಯ ಕಂಡ ಖುಷಿಯಲ್ಲಿ ಸಣ್ಣದನ್ನು ಬಿಟ್ಟಿದ್ದೆ. ಅವತ್ತೇ ನೋಟ್‌ಬುಕ್ ತಂದೆ.

ತೊಡೆಯ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿವೆ, ಅವೇ ಮೆನಿಸ್ಕಸ್. ಮೂಳೆಗಳ ತುದಿಗೆ ಅಂಟಿಕೊಂಡ ನುಣುಪಾದ ಪದರ ಕಾರ್ಟಿಲೇಜ್. ಎಕ್ಸ್-ರೇಯಲ್ಲಿ ಇವೆರಡೂ ಕಾಣುವುದಿಲ್ಲ. ಹಾಗಾಗಿ ಹೊಸದರಲ್ಲಿ ನನಗೆ ಎಕ್ಸ್-ರೇ ಅಂದರೆ ಸ್ವಲ್ಪ ತಾತ್ಸಾರ. ಮೂಳೆ ಮುರಿದಿಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ಬೇಕು, ಅಷ್ಟೇ ಅಂದುಕೊಂಡಿದ್ದೆ.

ಆ ತಾತ್ಸಾರ ಇಳಿಸಿದ್ದು ಐವತ್ತು ದಾಟಿದ ಒಬ್ಬರ ಮಂಡಿ. ಎಂಆರ್‌ಐನಲ್ಲಿ ಒಳಬದಿ ಮೆನಿಸ್ಕಸ್ ಹರಿದಿತ್ತು. ಕಾರ್ಟಿಲೇಜ್ ತೆಳುವಾಗಿದೆ ಅಂತಲೂ ಬರೆದಿದ್ದೆ, ಆದರೆ ವರದಿಯ ಕೊನೆಯ ಸಾಲಿನಲ್ಲಿ, ಯಾರೂ ಓದದ ಜಾಗದಲ್ಲಿ. ಅವರು ಮೆನಿಸ್ಕಸ್ ಸರಿ ಮಾಡಿಸಿಕೊಂಡರೆ ನೋವು ಹೋಗುತ್ತೆ ಅಂತ ಕಾಯುತ್ತಿದ್ದರು. ಆಮೇಲೆ ನಿಲ್ಲಿಸಿ ತೆಗೆದ ಎಕ್ಸ್-ರೇ ಬಂತು. ಒಳಬದಿಯಲ್ಲಿ ಎರಡು ಮೂಳೆಗಳ ನಡುವಿನ ಜಾಗ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಆ ಮಂಡಿಗೆ ಬೇಕಿದ್ದದ್ದು ಬೇರೆಯೇ ಚಿಕಿತ್ಸೆ. ಎಂಆರ್‌ಐ ತೆಗೆಯುವುದು ಮಲಗಿಸಿ. ಮೈಭಾರ ಬಿದ್ದಾಗ ಕೀಲು ಏನಾಗುತ್ತೆ ಅನ್ನೋದು ಅದಕ್ಕೆ ಗೊತ್ತೇ ಇಲ್ಲ.

ಅಲ್ಲಿಂದ ಮುಂದೆ ವಯಸ್ಸಾದವರ ಮಂಡಿ ನೋವಿಗೆ ನಾನು ಮೊದಲು ಕೇಳುವುದು ನಿಂತು ತೆಗೆದ ಎಕ್ಸ್-ರೇ. ಅದರ ಜೊತೆ ಮಂಡಿಯನ್ನು 45 ಡಿಗ್ರಿ ಬಗ್ಗಿಸಿ ನಿಲ್ಲಿಸಿ, ಹಿಂದಿನಿಂದ ಮುಂದಕ್ಕೆ ಕಿರಣ ಹಾಯಿಸಿ ತೆಗೆಯುವ ಚಿತ್ರ. ಇದನ್ನು 1988ರಲ್ಲಿ ವಿವರಿಸಿದ ರೋಸೆನ್‌ಬರ್ಗ್ ಅವರ ಹೆಸರಲ್ಲೇ ಕರೆಯುತ್ತಾರೆ. ಕಾರ್ಟಿಲೇಜ್ ಸವೆಯುವುದು ಎಷ್ಟೋ ಸಲ ಮಂಡಿ ಬಗ್ಗಿದಾಗ ಭಾರ ಹೊರುವ ಹಿಂಭಾಗದಲ್ಲಿ. ನೆಟ್ಟಗೆ ನಿಂತ ಚಿತ್ರದಲ್ಲಿ ಅದು ತಪ್ಪಿಸಿಕೊಳ್ಳುತ್ತೆ. ಒಂದು ಎಚ್ಚರಿಕೆ ಮಾತ್ರ ಇದೆ. ಎಕ್ಸ್-ರೇಯಲ್ಲಿ ಜಾಗ ಕಿರಿದಾಯಿತು ಅಂದರೆ ಕಾರ್ಟಿಲೇಜ್ ಸವೆದಿದೆ ಅಂತಲೇ ಅಲ್ಲ. ಮೆನಿಸ್ಕಸ್ ತನ್ನ ಜಾಗ ಬಿಟ್ಟು ಹೊರಕ್ಕೆ ಜಾರಿದ್ದರೂ ಹಾಗೇ ಕಾಣುತ್ತೆ.

ಅಲ್ಟ್ರಾಸೌಂಡ್ ಜೊತೆ ನನ್ನ ಸಂಬಂಧ ಉಲ್ಟಾ. ಮೊದಲು ಅತಿಯಾದ ನಂಬಿಕೆ, ಆಮೇಲೆ ಹದ. ಪ್ರೋಬ್ ಕೈಯಲ್ಲಿದ್ದರೆ ರೋಗಿಯ ಜೊತೆ ಮಾತಾಡುತ್ತಾ, ನೋಯುವ ಜಾಗವನ್ನೇ ಒತ್ತಿ ನೋಡಬಹುದು. ಕೀಲಿನಲ್ಲಿ ನೀರು ತುಂಬಿದ್ದು, ಮಂಡಿ ಹಿಂದೆ ನೀರು ತುಂಬಿ ಆಗುವ ಗಂಟು ಬೇಕರ್ಸ್ ಸಿಸ್ಟ್, ಪಕ್ಕದ ಲಿಗಮೆಂಟುಗಳು, ಮೆನಿಸ್ಕಸ್‌ನ ಹೊರ ಅಂಚು, ಎಲ್ಲಾ ಚೆನ್ನಾಗಿ ಕಾಣುತ್ತೆ. ನಿಲ್ಲಿಸಿ ನೋಡಿದರೆ ಮೆನಿಸ್ಕಸ್ ಹೊರಕ್ಕೆ ಉಬ್ಬುವುದು ಕಣ್ಣೆದುರೇ ನಡೆಯುತ್ತೆ. ಮಂಡಿ ಪೂರ್ತಿ ಮಡಚಿಸಿದರೆ ತೊಡೆ ಮೂಳೆಯ ಮುಂಭಾಗದ ಕಾರ್ಟಿಲೇಜ್ ಕಪ್ಪು ಪಟ್ಟಿಯಂತೆ ಕಾಣುತ್ತೆ. ಇಷ್ಟೆಲ್ಲಾ ಕಂಡ ಮೇಲೆ ಉಳಿದದ್ದೂ ಕಂಡಂತೆಯೇ ಅನಿಸಿಬಿಡುತ್ತೆ, ಎಡವಟ್ಟಾಗುವುದು ಅಲ್ಲೇ. ಶಬ್ದದ ಅಲೆ ಮೂಳೆ ದಾಟಿ ಹೋಗುವುದಿಲ್ಲ. ಮೆನಿಸ್ಕಸ್‌ನ ಒಳ ಅಂಚು, ಬುಡ, ಭಾರ ಹೊರುವ ಕಾರ್ಟಿಲೇಜ್‌ನ ಬಹುಪಾಲು ಮೂಳೆಯ ಮರೆಯಲ್ಲೇ ಇರುತ್ತೆ. "ಅಲ್ಟ್ರಾಸೌಂಡ್‌ನಲ್ಲಿ ಮೆನಿಸ್ಕಸ್ ಸರಿಯಿದೆ" ಅಂತ ನಾನು ಬರೆದ ಹಳೇ ವರದಿಗಳನ್ನು ಈಗ ಓದಿದರೆ ನಾಚಿಕೆಯಾಗುತ್ತೆ. ಈಗ ಬರೆಯುವುದು "ಕಂಡಷ್ಟು ಭಾಗದಲ್ಲಿ" ಅಂತ.

ಇನ್ನು ಎಂಆರ್‌ಐ. ಕೆಂಪು ಗೆರೆಗಳಲ್ಲಿ ಜಾಸ್ತಿ ಇದರದ್ದೇ, ಯಾಕಂದರೆ ಜಾಸ್ತಿ ಓದುವುದೂ ಇದನ್ನೇ. ಆರೋಗ್ಯವಾದ ಮೆನಿಸ್ಕಸ್ ಎಂಆರ್‌ಐನಲ್ಲಿ ಕಪ್ಪು. ಒಳಗೆ ಬಿಳಿ ಗೆರೆ ಕಂಡ ಮಾತ್ರಕ್ಕೆ ಹರಿದಿದೆ ಅನ್ನುವಂತಿಲ್ಲ. ಆ ಗೆರೆ ಮೆನಿಸ್ಕಸ್‌ನ ಮೇಲ್ಮೈಯನ್ನು ಮುಟ್ಟಬೇಕು, ಅದೂ ಕನಿಷ್ಠ ಎರಡು ಚಿತ್ರಗಳಲ್ಲಿ. ಒಂದೇ ಚಿತ್ರದಲ್ಲಿ ಮುಟ್ಟಿದರೆ ನಾನು "ಹರಿದಿರಬಹುದು" ಅನ್ನುತ್ತೇನೆ, ಮುಂದಕ್ಕೆ ಹೋಗುವುದಿಲ್ಲ. ಈ ಒಂದು ನಿಯಮ ಪಾಲಿಸಲು ಶುರು ಮಾಡಿದ ಮೇಲೆ ಒಳಬದಿ ಮೆನಿಸ್ಕಸ್‌ನಲ್ಲಿ ನನ್ನ ಸುಳ್ಳು ಎಚ್ಚರಿಕೆಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಹೊರಬದಿಯದು ಬೇರೆ ಕತೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2003ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಒಳಬದಿ ಮೆನಿಸ್ಕಸ್ ಹರಿದಿದ್ದರೆ ಎಂಆರ್‌ಐ ಅದನ್ನು ನೂರಕ್ಕೆ ಸುಮಾರು 93 ಸಲ ಹಿಡಿಯುತ್ತೆ. ಹೊರಬದಿಯದನ್ನು ಸುಮಾರು 79 ಸಲ ಮಾತ್ರ. ನನ್ನ ನೋಟ್‌ಬುಕ್ ಓದಿದವರು ಯಾರಾದರೂ ಇದನ್ನೇ ಹೇಳುತ್ತಿದ್ದರು. ಕಾರಣಗಳು ಒಂದೆರಡಲ್ಲ. ಹೊರಬದಿ ಮೆನಿಸ್ಕಸ್‌ನ ಹಿಂಭಾಗ ಎಂಆರ್‌ಐ ಯಂತ್ರದ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿ ಏರುತ್ತೆ. ಆ ಕೋನದಲ್ಲಿ ಆರೋಗ್ಯವಾದ ಅಂಗಾಂಶವೂ ಬೆಳ್ಳಗೆ ಕಾಣುತ್ತೆ. ಅಲ್ಲೇ ಪಕ್ಕದಲ್ಲಿ ಪಾಪ್ಲಿಟಿಯಸ್ ಸ್ನಾಯುವಿನ ಹುರಿ ಹಾದುಹೋಗುತ್ತೆ. ಹಿಂದಿನಿಂದ ಒಂದು ಸಣ್ಣ ಲಿಗಮೆಂಟ್ ಬಂದು ಅಂಟಿಕೊಳ್ಳುತ್ತೆ. ಇವೆರಡರ ಸಂದಿಯೂ ಹರಿದ ಗೆರೆಯ ಹಾಗೇ ಕಾಣುತ್ತೆ. ಇದನ್ನೆಲ್ಲಾ ಕಲಿತ ಹೊಸ ಡಾಕ್ಟರು ಅಲ್ಲಿ ಏನು ಕಂಡರೂ "ಇದು ಸುಮ್ನೆ ಭ್ರಮೆ" ಅಂತ ತಳ್ಳಿಹಾಕಲು ಶುರು ಮಾಡುತ್ತಾರೆ. ಆ ಹುಡುಗನ ವರದಿಯಲ್ಲಿ ನಾನು ಮಾಡಿದ್ದೂ ಅದನ್ನೇ. ಈಗ ಎಸಿಎಲ್ ಹರಿದಿದ್ದರೆ ಹೊರಬದಿಯ ಬುಡವನ್ನು ಮೂರೂ ದಿಕ್ಕಿನ ಚಿತ್ರಗಳಲ್ಲಿ ಬೇರೆಯಾಗಿ ನೋಡದೆ ವರದಿ ಮುಗಿಸುವುದಿಲ್ಲ.

ಕಾರ್ಟಿಲೇಜ್ ವಿಷಯಕ್ಕೆ ಬಂದರೆ ಎಂಆರ್‌ಐ ಅಷ್ಟು ಧಾರಾಳಿಯಲ್ಲ. ತೊಡೆ ಮೂಳೆಯ ಉರುಟು ತುದಿಯ ಮೇಲಿನ ಪದರದ ದಪ್ಪ ಎರಡು ಮೂರು ಮಿಲಿಮೀಟರ್. ನಾವು ಸಾಮಾನ್ಯವಾಗಿ ತೆಗೆಯುವ ಚಿತ್ರದ ಒಂದು ಹೋಳಿನ ದಪ್ಪವೂ ಸುಮಾರು ಮೂರು ಮಿಲಿಮೀಟರ್. ಆಳವಾದ ಹಳ್ಳ ಸಿಗುತ್ತೆ, ಮೇಲ್ಮೈಯ ಸಣ್ಣ ಬಿರುಕು ತಪ್ಪಿಹೋಗುತ್ತೆ. ಹೆಚ್ಚು ಬಲದ ಕಾಂತವಿರುವ 3 ಟೆಸ್ಲಾ ಯಂತ್ರದಲ್ಲಿ ಇನ್ನಷ್ಟು ವಿವರ ಕಾಣುತ್ತೆ ನಿಜ. ಆದರೂ ಹಳ್ಳದ ಅಳತೆಯನ್ನು ನಾವು ಕಡಿಮೆ ಹೇಳುವುದೇ ಜಾಸ್ತಿ. "ನೀವು ಉಗುರಿನಷ್ಟು ಅಂದ್ರಿ, ಇಲ್ಲಿ ನಾಣ್ಯದಷ್ಟಿದೆ" ಅಂತ ಸರ್ಜನ್ ಒಮ್ಮೆ ಅಂದಿದ್ದರು. ಆದರೆ ಒಂದು ಕಡೆ ಎಂಆರ್‌ಐ ಆರ್ಥ್ರೋಸ್ಕೋಪಿಯನ್ನೂ ಮೀರಿಸುತ್ತೆ. ಮೇಲಿನಿಂದ ನುಣುಪಾಗಿದ್ದು ಬುಡದಲ್ಲಿ ಮೂಳೆಯಿಂದ ಬಿಟ್ಟುಕೊಂಡ ಕಾರ್ಟಿಲೇಜ್, ಮತ್ತು ಅದರ ಕೆಳಗೆ ಮೂಳೆಯಲ್ಲಿ ಆದ ಊತ. ಕ್ಯಾಮೆರಾ ಮೇಲ್ಮೈ ಮಾತ್ರ ನೋಡುತ್ತೆ, ಅಲ್ವಾ?

ಎಂಆರ್‌ಐ ಸಾಧ್ಯವೇ ಇಲ್ಲದ ರೋಗಿಗಳೂ ಬರುತ್ತಾರೆ. ಎಂಆರ್‌ಐಗೆ ಹೊಂದದ ಪೇಸ್‌ಮೇಕರ್ ಇದ್ದವರಿಗೆ ನಾನು ಸಿಟಿ ಆರ್ಥ್ರೋಗ್ರಾಂ ಮಾಡುತ್ತೇನೆ. ಮಂಡಿಯೊಳಗೆ ಅಯೋಡಿನ್ ಇರುವ ದ್ರಾವಣ ಚುಚ್ಚಿ, ನಾಲ್ಕಾರು ಸಲ ಕಾಲು ಮಡಚಿ ಬಿಡಿಸಿ, ತಡಮಾಡದೆ ಸ್ಕ್ಯಾನ್. ತಡವಾದರೆ ದ್ರಾವಣ ಇಂಗಿಹೋಗುತ್ತೆ. ಒಂದು ಮಿಲಿಮೀಟರ್‌ಗಿಂತ ತೆಳುವಾದ ಹೋಳುಗಳು. ಕಾರ್ಟಿಲೇಜ್‌ನ ಬಿರುಕಿಗೆ ದ್ರಾವಣ ಇಳಿದು ಬಿಳಿ ಗೆರೆ ಎಳೆದಂತೆ ಕಾಣುತ್ತೆ. ಮೊದಲ ಸಲ ನೋಡಿದಾಗ ಎಲ್ಲರಿಗೂ ಇದನ್ನೇ ಮಾಡಬಾರದೇಕೆ ಅನಿಸಿತ್ತು. ಸೂಜಿ ಚುಚ್ಚಬೇಕು, ವಿಕಿರಣ ಇದೆ, ಮೂಳೆಯ ಊತ ಕಾಣುವುದಿಲ್ಲ, ಅದಕ್ಕೇ.

ಮೆನಿಸ್ಕಸ್‌ಗೆ ಹೊಲಿಗೆ ಹಾಕಿದ ಮೇಲೆ ಮತ್ತೆ ನೋವು ಅಂತ ಬಂದವರಲ್ಲಿ ಎರಡು ಚಿತ್ರದ ನಿಯಮ ಕೈಕೊಡುತ್ತೆ. ವಾಸಿಯಾದ ಹೊಲಿಗೆಯೂ ವರ್ಷಗಟ್ಟಲೆ ಬಿಳಿ ಗೆರೆಯಾಗಿಯೇ ಉಳಿಯಬಹುದು. ಕೀಲಿನ ನೀರೋ, ನಾವು ಚುಚ್ಚಿದ ದ್ರಾವಣವೋ ಆ ಗೆರೆಯೊಳಗೆ ನುಗ್ಗಿದ್ದು ಕಂಡರೆ ಮಾತ್ರ ಮತ್ತೆ ಹರಿದಿದೆ ಅಂತ ಧೈರ್ಯವಾಗಿ ಬರೆಯುತ್ತೇನೆ.

ಹರಿದದ್ದನ್ನು ಸರಿಯಾಗಿ ಕಂಡುಹಿಡಿದೂ ತಪ್ಪು ದಾರಿ ತೋರಿಸಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಗೆ ಎಂಆರ್‌ಐ ಮಾಡಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ. ಇದನ್ನು ಓದಿದ ಮೇಲೆ ರೋಗಿಯನ್ನು ಸ್ಕ್ಯಾನ್‌ಗೆ ಮಲಗಿಸುವ ಮೊದಲು ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಂಡೆ. "ನೋವು ಎಲ್ಲಿ, ಒಂದೇ ಬೆರಳಲ್ಲಿ ತೋರಿಸಿ." ಆಮೇಲೆ ಮಂಡಿ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾ ಅಂತ ವಿಚಾರಿಸುತ್ತೇನೆ. ಬೆರಳು ಮಂಡಿ ಚಿಪ್ಪಿನ ಮುಂದೆ ನಿಂತು, ಹರಿದದ್ದು ಹಿಂಬದಿಯಲ್ಲಿ ಕಂಡರೆ, ಅದನ್ನು ವರದಿಯಲ್ಲಿ ಬರೆದೇ ಬರೆಯುತ್ತೇನೆ. ಕೆಲವು ವೈದ್ಯರಿಗೆ ಇದು ಅಧಿಕಪ್ರಸಂಗ ಅನಿಸಿದೆ. ಅನಿಸಲಿ.

ಕೊನೆಯ ಪುಟದ ಕೇಸ್ ಇತ್ತೀಚಿನದು. ಮತ್ತೆ ಎಸಿಎಲ್ ಹರಿದ ಮಂಡಿ. ಈ ಸಲ ಒಳಬದಿ ಮೆನಿಸ್ಕಸ್‌ನ ಹಿಂದೆ, ಅದು ಕೀಲಿನ ಚೀಲಕ್ಕೆ ಅಂಟಿಕೊಳ್ಳುವ ಜಾಗದಲ್ಲಿ, ಸಣ್ಣಗೆ ನೀರಿನ ಗೆರೆ. ನಾವು ರ‍್ಯಾಂಪ್ ಅನ್ನುವ ಗಾಯ. ಎಂಆರ್‌ಐನಲ್ಲಿ ಕಾಲು ನೆಟ್ಟಗಿರುವುದರಿಂದ ಆ ಸಂದಿ ಮುಚ್ಚಿಕೊಂಡು ತಪ್ಪಿಸಿಕೊಳ್ಳುವುದೇ ಹೆಚ್ಚು. "ಅನುಮಾನವಿದೆ" ಅಂತ ಬರೆದೆ. ಸರ್ಜನ್ ಕಡೆಯಿಂದ ಬಂದದ್ದು "ಮೆನಿಸ್ಕಸ್ ಸರಿಯಿದೆ". ಕೆಂಪು ಪೆನ್ನು ತೆಗೆದವನು ನಿಂತು, ಅವರಿಗೇ ಫೋನ್ ಮಾಡಿದೆ. "ಕ್ಯಾಮೆರಾ ಹಿಂದಿನ ಕೋಣೆಗೂ ಹೋಗಿತ್ತಾ ಸರ್?" ಆ ಗಾಯ ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ, ಮುಂದಿನಿಂದಲೇ ನೋಡಿದ್ದು" ಅಂದರು. ಆ ಪುಟದಲ್ಲಿ ಈಗ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.