ಚಾಸರ್‌ನ ಯಾತ್ರಿಕರನ್ನ ಓದೋದು ಹೇಗೆ? ಮುಖಕ್ಕಿಂತ ಮೊದ್ಲು ದುಡ್ಡು ನೋಡಿ

ಎಂಎ ಇಂಗ್ಲಿಷ್ ಮಾಡ್ತಿರೋರು, ನೆಟ್‌ಗೆ ಕೆಸೆಟ್‌ಗೆ ಓದ್ತಿರೋರು, ಎಲ್ರಿಗೂ 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ಕ್ಯಾಂಟರ್ಬರಿ ಟೇಲ್ಸ್‌ನ (ಕ್ಯಾಂಟರ್ಬರಿಗೆ ಹೊರಟ ಯಾತ್ರಿಕರು ದಾರೀಲಿ ಹೇಳೋ ಕಥೆಗಳು) ಜನರಲ್ ಪ್ರೊಲಾಗ್, ಅಂದ್ರೆ ಆ ಯಾತ್ರಿಕರನ್ನ ಪರಿಚಯ ಮಾಡ್ಕೊಡೋ ಮುನ್ನುಡಿ, ಒಂದಲ್ಲ ಒಂದು ದಿನ ಎದುರಾಗತ್ತೆ. ತುಂಬಾ ಜನ ಅದನ್ನ ಗೈಡ್ ಇಟ್ಕೊಂಡು ಬಾಯಿಪಾಠ ಮಾಡ್ಬಿಡ್ತಾರೆ, ಕುದುರೆ ಯೋಧ ನೈಟ್ ಒಳ್ಳೆಯವ್ನು, ಮಠದ ಸನ್ಯಾಸಿ ಮಾಂಕ್ ಕೆಟ್ಟವ್ನು, ಬಾತ್ ಊರಿನ ಹೆಂಗಸು ವೈಫ್ ಆಫ್ ಬಾತ್‌ಗೆ ಐದು ಜನ ಗಂಡಂದಿರು, ಮುಗೀತು. 858 ಸಾಲಿನ ಇಷ್ಟು ಜೀವಂತ ಪದ್ಯನ ಹೀಗೆ ಓದಿದ್ರೆ ನಿಜವಾಗ್ಲೂ ಬೇಜಾರಾಗತ್ತೆ. ನಾನು ಹೇಳೋ ದಾರಿ ಏನಂದ್ರೆ, ಯಾವ ಯಾತ್ರಿಕ ಬಂದ್ರೂ ಮೊದ್ಲು ಇವನ ದುಡ್ಡು ಎಲ್ಲಿಂದ ಬರತ್ತೆ, ಯಾವುದಕ್ಕೆ ಖರ್ಚಾಗತ್ತೆ ಅಂತ ಕೇಳಿ, ಗುಣದ ವಿಚಾರ ಅದರ ಹಿಂದೇನೇ ಬರತ್ತೆ.

ಅದಕ್ಕೂ ಮುಂಚೆ ಸ್ವಲ್ಪ ಹಿನ್ನೆಲೆ. ಆಗಿನ ಕಾಲದ ಪುಸ್ತಕದ ಪ್ರಕಾರ ಸಮಾಜದಲ್ಲಿ ಮೂರೇ ವರ್ಗ: ಕಾದಾಡೋರು, ಪ್ರಾರ್ಥನೆ ಮಾಡೋರು, ದುಡಿಯೋರು. ಹೆಂಗಸರನ್ನ ಲೆಕ್ಕ ಹಾಕೋ ರೀತಿನೇ ಬೇರೆ, ಕನ್ಯೆ, ಹೆಂಡತಿ, ವಿಧವೆ ಅಂತ. ಆದ್ರೆ 1348-49ರ ಪ್ಲೇಗ್ ಇಂಗ್ಲೆಂಡಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನರನ್ನ ತಗೊಂಡು ಹೋಯ್ತು, ಕೂಲಿ ಆಳು ಸಿಗದಂಗಾಗಿ ಕೂಲಿ ಏರ್ತು, 1351ರಲ್ಲಿ ಪ್ಲೇಗಿಗೆ ಮುಂಚಿನ ಕೂಲಿಗಿಂತ ಜಾಸ್ತಿ ಕೇಳ್ಬಾರ್ದು ಅಂತ ಕಾನೂನು ಮಾಡಿದ್ರು, 1363ರಲ್ಲಿ ಯಾವ ದರ್ಜೆಯವರು ಯಾವ ಬಟ್ಟೆ, ಯಾವ ತುಪ್ಪಳ ಹಾಕ್ಬೋದು ಅಂತ ಇನ್ನೊಂದು ಮಾಡಿದ್ರು, ಅದು ಜಾಸ್ತಿ ದಿನ ನಿಲ್ಲಲಿಲ್ಲ, ಕೊನೆಗೆ 1381ರಲ್ಲಿ ರೈತರು ದಂಗೆ ಎದ್ದು ಲಂಡನ್ ಒಳಗೇ ನುಗ್ಗಿದ್ರು. ಚಾಸರ್ ಈ ಪದ್ಯ ಶುರು ಮಾಡಿದ್ದು 1387ರ ಆಸುಪಾಸಿಗೆ. ಅಂದ್ರೆ ಮೂರು ವರ್ಗದ ಲೆಕ್ಕ ಕಣ್ಮುಂದೇನೇ ಕಿತ್ತು ಹೋಗ್ತಿದ್ದಾಗ ಬರೆದಿದ್ದು. ಅವನೇ ದ್ರಾಕ್ಷಾರಸದ ವ್ಯಾಪಾರಿಯ ಮಗ, ದೊಡ್ಡ ಮನೆತನದಲ್ಲಿ ಹುಡುಗನಾಗಿದ್ದಾಗಿಂದ ಕೆಲಸ ಮಾಡಿದವ್ನು, 1374ರಿಂದ ಲಂಡನ್ ಬಂದರಿನಲ್ಲಿ ಉಣ್ಣೆ ಸುಂಕದ ಲೆಕ್ಕ ನೋಡಿದವ್ನು. ಯಾರ ಹತ್ರ ಎಷ್ಟಿದೆ ಅನ್ನೋದನ್ನ ನೋಡೋ ಕಣ್ಣು ಅವನಿಗೆ ಕೆಲಸದಿಂದಲೇ ಬಂದಿರ್ಬೇಕು ಅಂತ ನಂಗನ್ಸತ್ತೆ.

ಈಗ ಓದೋಕೆ ಕೂರಿ. ಮೊದಲನೇ ಸಲ ಅರ್ಥದ ತಂಟೆಗೆ ಹೋಗ್ದೆ ಜೋರಾಗಿ ಓದಿ. ನಮಗೆ ಕನ್ನಡ ಓದಿ ಅಭ್ಯಾಸ ಇರೋದ್ರಿಂದ ಇದು ಸುಲಭ, ಯಾಕಂದ್ರೆ ಆಗಿನ ಇಂಗ್ಲಿಷಲ್ಲಿ ಬರೆದ ಅಕ್ಷರ ಬಹುಪಾಲು ಉಚ್ಚಾರ ಆಗ್ತಿತ್ತು, ನೈಟ್ ಅನ್ನೋದು ಹೆಚ್ಚುಕಮ್ಮಿ ಕ್ನಿಖ್ಟ್. ಹಾರ್ವರ್ಡ್ ಯೂನಿವರ್ಸಿಟಿಯ ಚಾಸರ್ ವೆಬ್‌ಸೈಟಲ್ಲಿ ಮೂಲದ ಸಾಲಿನ ಕೆಳಗೇ ಈಗಿನ ಇಂಗ್ಲಿಷ್ ಸಾಲು ಫ್ರೀಯಾಗಿ ಸಿಗತ್ತೆ, ಅದನ್ನ ಪಕ್ಕದಲ್ಲಿ ಇಟ್ಕೊಳ್ಳಿ.

ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು ನಾಲ್ಕು ವಿಷಯಕ್ಕೆ ಮಾತ್ರ ಗೆರೆ ಹಾಕಿ: ಬಟ್ಟೆ, ಊಟ, ಕುದುರೆ, ಸಂಪಾದನೆ. ಮಾಂಕ್‌ನ ತಗೊಳ್ಳಿ. ಮಠದಲ್ಲಿದ್ದು ಓದ್ಬೇಕು, ಕೈಯಾರೆ ಕೆಲಸ ಮಾಡ್ಬೇಕು ಅನ್ನೋದು ನಿಯಮ, ಇವನ ಹತ್ರ ಲಾಯದ ತುಂಬ ಕುದುರೆ, ಹಕ್ಕಿ ಹಾರಿದಷ್ಟು ವೇಗದ ಬೇಟೆ ನಾಯಿಗಳು, ತೋಳಿನ ಅಂಚಿಗೆ ಊರಲ್ಲೇ ಬೆಸ್ಟ್ ತುಪ್ಪಳ, ಗದ್ದದ ಕೆಳಗೆ ಚಿನ್ನದ ಪಿನ್ನು. ಆಮೇಲೆ ಹಂಸದ ರೋಸ್ಟ್ ಇಷ್ಟ ಅಂತಾನೂ ಬರತ್ತೆ. ಚಾಸರ್ ಎಲ್ಲೂ ಬೈಯಲ್ಲ, ಬದಲಿಗೆ ನಿಯಮ ಗಿಯಮ ಯಾಕೆ ಬೇಕು ಅನ್ನೋ ಮಾಂಕ್‌ನ ಮಾತಿಗೆ ನಾನೂ ಸರಿ ಅಂದೆ ಅಂತಾನೆ. ಇಲ್ಲಿ ನಿಲ್ಲಿ! ಪದ್ಯದೊಳಗೆ ನಾನು ಅಂತ ಮಾತಾಡ್ತಿರೋ ಯಾತ್ರಿಕ ಬೇರೆ, ಅವನನ್ನ ಬರೀತಿರೋ ಕವಿ ಬೇರೆ. ಆ ಯಾತ್ರಿಕ ಸಿಕ್ಕಿದವರನ್ನೆಲ್ಲ ಬಾಯ್ತುಂಬ ಹೊಗಳ್ತಾನೆ, ಆದ್ರೆ ಯಾವ ಕೆಲಸಕ್ಕೆ ಹೊಗಳ್ತಿದಾನೆ, ಅದು ಆ ಮನುಷ್ಯನ ವರ್ಗದ ಕೆಲಸಾನಾ ಅಂತ ನೀವು ಕೇಳ್ಬೇಕು. ಮಾಂಕ್‌ನ ಚಿತ್ರದಲ್ಲಿ ಪ್ರಾರ್ಥನೆ ಮಾಡ್ದ ಅಂತ ಒಂದು ಸಾಲೂ ಇಲ್ಲ.

ಇಲ್ದೇ ಇರೋದನ್ನ ಹುಡುಕೋದು ಮೂರನೇ ಸಲದ ಕೆಲಸ, ನಂಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಸನ್ಯಾಸಿನಿಯರ ಮಠದ ಮುಖ್ಯಸ್ಥೆ ಪ್ರಯೊರೆಸ್ ಬರ್ತಾಳೆ, ಊಟ ಮಾಡುವಾಗ ತುಟಿಯಿಂದ ಒಂದು ಚೂರೂ ಬೀಳಲ್ಲ, ಬೋನಿಗೆ ಬಿದ್ದ ಇಲಿ ನೋಡಿದ್ರೂ ಅಳ್ತಾಳೆ, ತನ್ನ ಪುಟ್ಟ ನಾಯಿಗಳಿಗೆ ಹುರಿದ ಮಾಂಸ, ಹಾಲು, ಬಿಳಿ ಬ್ರೆಡ್ ಹಾಕ್ತಾಳೆ. ಬಿಳಿ ಬ್ರೆಡ್ ಆಗ ದುಬಾರಿ, ಬಡವರ ಪಾಲಿಗೆ ಒರಟು ಕಂದು ರೊಟ್ಟಿ. ಅವಳ ಮರುಕದ ಬಗ್ಗೆ ಇಷ್ಟೆಲ್ಲ ಹೇಳಿ ಒಬ್ಬ ಬಡವನಿಗೆ ಏನಾದ್ರೂ ಕೊಟ್ಳು ಅಂತ ಎಲ್ಲೂ ಬರಲ್ಲ. ಇನ್ನೊಂದು ತುದೀಲಿ ಪಾರ್ಸನ್, ಹಳ್ಳಿ ಚರ್ಚಿನ ಬಡ ಪಾದ್ರಿ. ಅವನ ಚಿತ್ರ ಇಡೀ ಪ್ರೊಲಾಗಲ್ಲೇ ತುಂಬಾ ಉದ್ದದ ಚಿತ್ರಗಳಲ್ಲಿ ಒಂದು, ಆದ್ರೆ ಮುಖ ಹೇಗಿದೆ, ಬಟ್ಟೆ ಯಾವ ಬಣ್ಣ, ಏನೂ ಇಲ್ಲ, ಕೈಲೊಂದು ಕೋಲು ಹಿಡಿದು ಮಳೆ ಗುಡುಗಲ್ಲೂ ದೂರದ ಮನೆಗಳಿಗೆ ನಡ್ಕೊಂಡು ಹೋಗ್ತಾನೆ ಅಷ್ಟೇ. ಅವನ ತಮ್ಮನೋ ಅಣ್ಣನೋ ಆದ ಉಳುವವ್ನು ಪ್ಲೌಮನ್, ಬಂಡಿಗಟ್ಲೆ ಗೊಬ್ಬರ ಹೊತ್ತವ್ನು, ಬಡವರಿಗೆ ಕೂಲಿ ತಗೊಳ್ದೆ ದುಡಿದುಕೊಡ್ತಾನೆ. 1381 ಆಗಿ ಆರೇಳು ವರ್ಷಕ್ಕೇ ಒಬ್ಬ ರೈತನನ್ನ ಇಷ್ಟು ಗೌರವದಿಂದ ಬರೆದಿದ್ದಾನೆ, ಆದ್ರೆ ಆ ರೈತ ಯಾವತ್ತೂ ದನಿ ಎತ್ತದ ರೈತ, ಈ ಎರಡೂ ನಿಮ್ಮ ಆನ್ಸರಲ್ಲಿ ಬರ್ಬೇಕು.

ಮಧ್ಯದವರ ಹತ್ರ ನಿಧಾನ ಮಾಡಿ, ಯಾಕಂದ್ರೆ ಮೂರು ವರ್ಗದ ಲೆಕ್ಕಕ್ಕೆ ಸಿಗದೇ ಇರೋರೇ ಇಲ್ಲಿ ಜಾಸ್ತಿ. ಮರ್ಚೆಂಟ್ ಕವಲು ಗಡ್ಡ, ಫ್ಲಾಂಡರ್ಸ್‌ನ ಬೀವರ್ ಟೋಪಿ ಹಾಕ್ಕೊಂಡು ಬಾಯಿ ಬಿಟ್ರೆ ಲಾಭದ ಮಾತು, ಅವನಿಗೆ ಸಾಲ ಇದೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ ಅಂತ ಒಂದೇ ಸಾಲಲ್ಲಿ ಚಾಸರ್ ಹೇಳಿ ಮುಂದೆ ಹೋಗ್ಬಿಡ್ತಾನೆ. ಲಾಯರ್ ಎಲ್ರಿಗಿಂತ ಬ್ಯುಸಿ, ಆದ್ರೆ ಇದ್ದಿದ್ದಕ್ಕಿಂತ ಜಾಸ್ತಿ ಬ್ಯುಸಿ ಇದ್ದಂಗೆ ಕಾಣ್ತಿದ್ದ. ಐದು ಜನ ಸಂಘದ ಕುಶಲಕರ್ಮಿಗಳಿಗೆ ಒಬ್ಬೊಬ್ರಿಗೂ ಬೇರೆ ಮುಖವೇ ಇಲ್ಲ, ಚಾಕು ಮಾತ್ರ ಹಿತ್ತಾಳೆ ಕಟ್ಟಿಲ್ದೆ ಬೆಳ್ಳಿ ಕಟ್ಟಿದ್ದು, ಆ 1363ರ ಕಾನೂನು ಸಾಮಾನ್ಯ ಕುಶಲಕರ್ಮಿಗೆ ಬೆಳ್ಳಿ ಬೇಡ ಅಂದಿತ್ತು ಅನ್ನೋದು ನೆನಪಿಟ್ಕೊಂಡು ಓದಿದ್ರೆ ಈ ಸಾಲು ಎಷ್ಟು ಮಾತಾಡತ್ತೆ ನೋಡಿ. ಅವರ ಹೆಂಡತಿಯರಿಗೆ ಮೇಡಂ ಅನ್ನಿಸ್ಕೊಳ್ಳೋ ಆಸೆ ಬೇರೆ. ವೈಫ್ ಆಫ್ ಬಾತ್‌ನ ಬರೀ ಗಂಡಂದಿರ ಲೆಕ್ಕದಲ್ಲಿ ನಿಲ್ಲಿಸ್ಬೇಡಿ, ಅವಳು ಬಟ್ಟೆ ನೇಯೋದ್ರಲ್ಲಿ ಆಗ ಬಟ್ಟೆಗೆ ಹೆಸರಾಗಿದ್ದ ಫ್ಲಾಂಡರ್ಸ್‌ನ ಈಪ್ರ್, ಘೆಂಟ್ ಊರಿನವರನ್ನೂ ಮೀರಿಸಿದವ್ಳು, ಮೂರು ಸಲ ಜೆರುಸಲೇಮಿಗೆ ಹೋಗ್ಬಂದವ್ಳು, ಚರ್ಚಲ್ಲಿ ಕಾಣಿಕೆ ಕೊಡೋಕೆ ತನಗಿಂತ ಮುಂದೆ ಯಾರಾದ್ರೂ ಹೋದ್ರೆ ಸಿಟ್ಟು ಬರ್ತಿತ್ತು. ದುಡಿದ ದುಡ್ಡಿನ ಗತ್ತು ಅದು.

ದರ್ಜೆ ಪ್ರಕಾರ ಜನರನ್ನ ಕೂರಿಸಿಲ್ಲ, ಕ್ಷಮಿಸಿ ಅಂತ ಚಾಸರ್ ಕೊನೇಲಿ ಕೇಳ್ತಾನೆ. ಹಾಗಾಗಿ ಯಾರ ಪಕ್ಕ ಯಾರಿದಾರೆ ಅಂತ ಒಂದು ಹಾಳೆ ಮೇಲೆ ಬರ್ಕೊಳ್ಳಿ: ನೈಟ್ ಜೊತೆ ಮಗ, ಅಪ್ಪನ ಬಟ್ಟೆ ಮೇಲೆ ಕವಚದ ತುಕ್ಕಿನ ಕಲೆ, ಮಗನ ಬಟ್ಟೆ ತುಂಬ ಹೂವಿನ ಕಸೂತಿ. ಸಮನರ್ ಅಂದ್ರೆ ಚರ್ಚ್ ಕೋರ್ಟಿನ ಅಮೀನ, ಅವನ ಜೊತೆ ಪಾಪದ ಕ್ಷಮಾಪತ್ರ ಮಾರೋ, ಹಂದಿ ಮೂಳೆನ ಸಂತರ ಮೂಳೆ ಅಂತ ತೋರಿಸಿ ದುಡ್ಡು ಕೀಳೋ ಪಾರ್ಡನರ್, ಇಬ್ರೂ ಸೇರಿ ಪ್ರೇಮಗೀತೆ ಹಾಡ್ತಾರೆ.

ಇಷ್ಟಾದ್ಮೇಲೆ ರೀವ್ ಒಬ್ಬನನ್ನ ಗೈಡ್ ಮುಟ್ದೆ ನೀವೇ ಮಾಡಿ. ಅವನು ಎಸ್ಟೇಟಿನ ಪಾರುಪತ್ಯಗಾರ, ಮೊದ್ಲು ಬಡಗಿ ಆಗಿದ್ದವ್ನು. ಸಣಕಲು ದೇಹ, ಕೂದ್ಲು ಪಾದ್ರಿ ಥರ ಕತ್ತರಿಸಿದೆ, ಪಕ್ಕದಲ್ಲಿ ತುಕ್ಕು ಹಿಡಿದ ಕತ್ತಿ, ಯಾವಾಗ್ಲೂ ಗುಂಪಿನ ಕೊನೇಲಿ ಬರ್ತಾನೆ. ಲೆಕ್ಕ ನೋಡೋ ಯಾರ ಕೈಗೂ ಸಿಕ್ಕಿಲ್ಲ, ಒಡೆಯನ ಮಾಲನ್ನೇ ಒಡೆಯನಿಗೆ ಸಾಲ ಕೊಟ್ಟು ಮೇಲಿಂದ ಕೋಟು ಬಹುಮಾನ ತಗೊಳ್ತಾನೆ, ಕೈಕೆಳಗಿನವರು ಅವನಿಗೆ ಸಾವಿಗೆ ಹೆದರಿದಂಗೆ ಹೆದರ್ತಾರೆ. ಗೆರೆ ಹಾಕಿ, ಹೊಗಳಿಕೆ ಯಾವುದಕ್ಕೆ ಅಂತ ನೋಡಿ, ಏನು ಇಲ್ಲ ಅಂತ ಹುಡುಕಿ, ಆಮೇಲೆ ಎಲ್ಲರಿಗಿಂತ ಮುಂದೆ ಬ್ಯಾಗ್‌ಪೈಪ್ ಊದ್ತಾ ಹೋಗ್ತಿರೋ ಗಿರಣಿಯ ಮಿಲ್ಲರ್‌ಗೂ ಕೊನೇಲಿರೋ ಇವನಿಗೂ ಯಾಕೆ ಅಷ್ಟು ದೂರ ಇಟ್ಟಿದಾನೆ ಅಂತ ಒಂದು ಪ್ಯಾರಾ ಬರೀರಿ. ಬರೆದ್ಮೇಲೆ ಮಿಲ್ಲರ್ ಹೇಳೋ ಕಥೆ, ಅದರ ಹಿಂದೇನೇ ಬರೋ ರೀವ್‌ನ ಕಥೆ ಓದಿ, ನೀವು ಬರೆದಿದ್ದು ಎಷ್ಟು ಸರಿ ಅಂತ ಅಲ್ಲೇ ಗೊತ್ತಾಗತ್ತೆ.