ಪಾಪ ಅಂತ ಕೊಡುವ ಅಂಕ ನಮ್ಮ ಮಕ್ಕಳಿಗೆ ಬೇಡ

ಹಾಸನದ ಒಂದು ವಿಶೇಷ ಮಕ್ಕಳ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಈಚಿನ ನಾಲ್ಕು ವರ್ಷದಿಂದ ಮಕ್ಕಳಿಗೆ ಚಿಯರ್‌ಲೀಡಿಂಗ್ ಕೂಡ ಕಲಿಸುತ್ತಿದ್ದೇನೆ. ಹೆಸರು ಕೇಳಿದ ತಕ್ಷಣ ಎಲ್ಲರಿಗೂ ಐಪಿಎಲ್ ನೆನಪಾಗುತ್ತದೆ. ನಮ್ಮ ಪೋಷಕರಿಗೂ ಹಾಗೇ ಆಯಿತು, ಮೊದಲ ಸಭೆಯಲ್ಲಿ ಇಬ್ಬರು ತಾಯಂದಿರು ಬೇಡವೇ ಬೇಡ ಅಂದರು. ಇದು ಅದಲ್ಲ. ಹತ್ತು ಹನ್ನೆರಡು ಮಕ್ಕಳು ಸಾಲಾಗಿ ನಿಂತು, ಎಂಟರ ಎಣಿಕೆಗೆ ಕೈಕಾಲು ಆಡಿಸುತ್ತಾ, ಜೋರಾಗಿ ಘೋಷಣೆ ಕೂಗುತ್ತಾ, ನಡುನಡುವೆ ಸಾಲು ಬದಲಿಸುತ್ತಾ ಎರಡು ಎರಡೂವರೆ ನಿಮಿಷ ಮಾಡುವ ಆಟ. ಹಿಂದೆ ಸ್ಕೂಲುಗಳಲ್ಲಿ ಲೆಜಿಮ್, ಡಂಬೆಲ್ಸ್ ಮಾಡಿಸುತ್ತಿದ್ದರಲ್ಲ, ಅದಕ್ಕೆ ಕೂಗು ಮತ್ತು ಕುಣಿತ ಸೇರಿಸಿದ ಹಾಗೆ. ಕೈಯಲ್ಲಿ ಹಿಡಿಯುವ ಪಾಂಪಾಮ್‌ಗೆ ನಮ್ಮ ಮಕ್ಕಳು ಕುಚ್ಚು ಅನ್ನುತ್ತಾರೆ. ಬಣ್ಣದ ಪ್ಲಾಸ್ಟಿಕ್ ಹಾಳೆ ಸೀಳಿ ನಾವೇ ಕಟ್ಟುತ್ತೇವೆ.

ಕಲಿಸುವುದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಸ್ಪರ್ಧೆ, ಅದರಲ್ಲೂ ಅಂಕ ಕೊಡುವುದು.

ಮೊದಲ ವರ್ಷ ಡಿಸೆಂಬರ್ 3ರ ಅಂಗವಿಕಲರ ದಿನದ ಆಸುಪಾಸಿನಲ್ಲಿ ಐದು ಶಾಲೆಗಳ ಸ್ಪರ್ಧೆ ಅಂತ ಕರೆದರು. ಎರಡು ತಿಂಗಳು ಅಭ್ಯಾಸ ಮಾಡಿಸಿ ಕರೆದುಕೊಂಡು ಹೋದೆ. ಕೊನೆಯಲ್ಲಿ ಐದೂ ತಂಡಗಳಿಗೆ ಒಂದೇ ಥರದ ಸ್ಟೀಲ್ ಡಬ್ಬಿ ಕೊಟ್ಟು, ಎಲ್ಲರೂ ಗೆದ್ದಿದ್ದೀರಿ ಅಂತ ಮೈಕಿನಲ್ಲಿ ಹೇಳಿ ಕಳಿಸಿದರು. ವಾಪಸ್ ಬರುವಾಗ ವ್ಯಾನಿನಲ್ಲಿ ನಮ್ಮ ಹದಿನಾರು ವರ್ಷದ ಹುಡುಗಿಯೊಬ್ಬಳು ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಸುಮ್ನೆ ಕೂತಿದ್ದಳು. ಆಮೇಲೆ ಕೇಳಿದಳು, "ಮಿಸ್, ಆ ನೀಲಿ ಬಟ್ಟೆಯವ್ರು ಮಧ್ಯದಲ್ಲೇ ನಿಲ್ಲಿಸಿದ್ರು. ಅವ್ರಿಗೂ ಇದೇ ಡಬ್ಬಿ. ನಾವು ಮರೀಲಿಲ್ಲ ಮಿಸ್." ನನಗೆ ಉತ್ತರ ಹೊಳೆಯಲಿಲ್ಲ. ಬುದ್ಧಿ ಕಡಿಮೆ ಅಂತ ಊರೆಲ್ಲ ಹೇಳುವ ಮಗು ಅದು. ಎರಡು ತಂಡಗಳ ನಡುವಿನ ವ್ಯತ್ಯಾಸ ಅವಳಿಗೆ ಕಂಡಿತ್ತು, ತೀರ್ಪುಗಾರರಿಗೆ ಕಂಡಿರಲಿಲ್ಲ.

ಮರುವರ್ಷ ಇನ್ನೊಂದು ಥರ ಆಯಿತು. ಈ ಸಲ ಒಂದು, ಎರಡು, ಮೂರು ಅಂತ ಬಹುಮಾನ ಇತ್ತು. ಮೊದಲನೆಯದು ಬಂದಿದ್ದು ಮೂವರು ಟೀಚರುಗಳು ಮುಂದಿನ ಸಾಲಿನಲ್ಲೇ ನಿಂತು ಕುಣಿದ ತಂಡಕ್ಕೆ. ಹಿಂದಿನ ಸಾಲಿನಲ್ಲಿ ಮಕ್ಕಳ ಕೈಯನ್ನು ದೊಡ್ಡವರು ಹಿಡಿದು ಎತ್ತುತ್ತಿದ್ದರು. ನೋಡುವುದಕ್ಕೆ ಚೆಂದವೇ ಇತ್ತು, ಇಲ್ಲ ಅನ್ನುವುದಿಲ್ಲ. ತೀರ್ಪುಗಾರರನ್ನು ಕೇಳಿದೆ. "ಪಾಪ, ಮಕ್ಳು ಎಲ್ರೂ ಚೆನ್ನಾಗೇ ಮಾಡಿದ್ರು ಬುಡಿ ಮೇಡಂ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಏನನ್ನು ನೋಡಬೇಕು ಅಂತ ಅವರ ಕೈಗೆ ಯಾರೂ ಒಂದು ಹಾಳೆ ಕೊಟ್ಟಿರಲಿಲ್ಲ. ಆ ಹಾಳೆ ಮಾಡೋಣ ಅಂತ ನಾನು ಮತ್ತು ಅರಸೀಕೆರೆ, ಬೇಲೂರು, ಹೊಳೆನರಸೀಪುರ ಕಡೆಯ ಕೆಲವು ಟೀಚರುಗಳು ಕೂತೆವು.

ಮೊದಲು ಬೇರೆ ಕಡೆ ಹೇಗೆ ಮಾಡುತ್ತಾರೆ ಅಂತ ಓದಿದೆವು. ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ನಡೆಯುವ ಸ್ಪೆಷಲ್ ಒಲಿಂಪಿಕ್ಸ್ ಶುರುವಾಗಿದ್ದು 1968ರಲ್ಲಿ, ಶಿಕಾಗೋದಲ್ಲಿ. ಅವರ ಪದ್ಧತಿಯ ಜೀವಾಳ ಇರುವುದು ಪದಕದಲ್ಲಲ್ಲ, ಗುಂಪು ಮಾಡುವುದರಲ್ಲಿ. ಅಂಗವೈಕಲ್ಯದ ಹೆಸರು ನೋಡಿ ಗುಂಪು ಮಾಡುವುದಿಲ್ಲ. ವಯಸ್ಸು ನೋಡುತ್ತಾರೆ, ಹುಡುಗರೋ ಹುಡುಗಿಯರೋ ನೋಡುತ್ತಾರೆ, ಆಮೇಲೆ ಒಂದು ಪೂರ್ವಭಾವಿ ಸುತ್ತು ಆಡಿಸಿ ಮಗು ನಿಜವಾಗಿ ಎಷ್ಟು ಮಾಡುತ್ತದೆ ಅಂತ ನೋಡುತ್ತಾರೆ. ಒಂದು ಗುಂಪಿನಲ್ಲಿ ಮೂರರಿಂದ ಎಂಟು ಸ್ಪರ್ಧಿಗಳು ಅಥವಾ ತಂಡಗಳು. ಗುಂಪಿನಲ್ಲಿ ಎಲ್ಲರಿಗಿಂತ ಮುಂದಿರುವವರಿಗೂ ಹಿಂದಿರುವವರಿಗೂ ಸುಮಾರು ಶೇ. 15ರಷ್ಟೇ ಅಂತರ ಇರಲಿ ಅನ್ನುವುದು ಅವರು ಬಹಳ ಕಾಲ ಇಟ್ಟುಕೊಂಡಿದ್ದ ಅಳತೆ. ಹೀಗೆ ಮಾಡಿದಾಗ ಗುಂಪಿನಲ್ಲಿ ಇರುವ ಯಾರು ಬೇಕಾದರೂ ಗೆಲ್ಲಬಹುದು, ಹಾಗಾಗಿ ಗೆದ್ದವರಿಗೆ ಗೆದ್ದ ಖುಷಿ ನಿಜವಾಗಿ ಸಿಗುತ್ತದೆ. ಚಿಯರ್‌ಲೀಡಿಂಗ್‌ಗೆ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್ ಅಂತ ಬೇರೆ ಸಂಸ್ಥೆ ಇದೆ, 2021ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಅವರ ವಿಶ್ವ ಸ್ಪರ್ಧೆಯಲ್ಲೂ ನಮ್ಮಂಥ ಮಕ್ಕಳಿಗೆ ವಿಭಾಗಗಳಿವೆ, ಅಂಗವೈಕಲ್ಯ ಇಲ್ಲದವರು ಜೊತೆಗಾರರಾಗಿ ಒಂದೇ ತಂಡದಲ್ಲಿ ಆಡುತ್ತಾರೆ.

ಓದಿದ್ದೇನೋ ಆಯಿತು. ಆದರೆ ನಮ್ಮ ಹತ್ತಿರ ಇದ್ದಿದ್ದು ಆರು ತಂಡ, ಒಂದು ಬಾಡಿಗೆ ಸ್ಪೀಕರ್, ಶಾಮಿಯಾನದವರ ಹತ್ತಿರ ತಂದ ಜಮಖಾನ. ಆರು ತಂಡಗಳನ್ನು ಯಾವ ಅಳತೆಯಲ್ಲಿ ಗುಂಪು ಮಾಡುವುದು?

ಅಳತೆ ನಮ್ಮ ಬೀರುವಿನಲ್ಲೇ ಇತ್ತು! ವಿಶೇಷ ಶಿಕ್ಷಣ ಕಲಿತ ಎಲ್ಲರಿಗೂ ಎಫ್ಎಸಿಪಿ ಗೊತ್ತಿರುತ್ತದೆ. ಮಗು ಯಾವ ಕೆಲಸವನ್ನು ಎಷ್ಟು ಸಹಾಯದಲ್ಲಿ ಮಾಡುತ್ತದೆ ಅಂತ ಗುರುತು ಹಾಕಲು ಸಿಕಂದರಾಬಾದಿನ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ ಮಾಡಿದ ಪಟ್ಟಿ ಅದು. ಮಗು ತಾನೇ ಮಾಡಿದರೆ ಪ್ಲಸ್ ಗುರುತು. ಆಗೊಮ್ಮೆ ಈಗೊಮ್ಮೆ ಸುಳಿವು ಕೊಟ್ಟರೆ ಮಾಡುತ್ತದೆ ಅಂದರೆ ಸಿ. ಬಾಯಲ್ಲಿ ಹೇಳಬೇಕು ಅಂದರೆ ವಿಪಿ. ಕೈ ಹಿಡಿದು ಮಾಡಿಸಬೇಕು ಅಂದರೆ ಪಿಪಿ. ಪ್ರತಿ ಮಗುವಿಗೂ ಊಟ, ಬಟ್ಟೆ, ಓದು ಅಂತ ಎಲ್ಲದಕ್ಕೂ ಇದನ್ನೇ ಬರೆಯುತ್ತೇವೆ. ಇದನ್ನೇ ಆಟಕ್ಕೂ ಯಾಕೆ ತರಬಾರದು ಅಂತ ಬೇಲೂರಿನ ಟೀಚರ್ ಕೇಳಿದರು. ಅಲ್ವಾ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಅನಿಸಿತು.

ಹಾಗೆ ಎರಡು ಗುಂಪು ಮಾಡಿದೆವು. ಒಬ್ಬರು ಬಾಯಲ್ಲಿ ಅಥವಾ ಸನ್ನೆಯಲ್ಲಿ ತೋರಿಸಿದರೆ ಸಾಕು ಅನ್ನುವ ತಂಡಗಳು ಒಂದು ಕಡೆ. ಮಕ್ಕಳನ್ನು ಮುಟ್ಟಿ ಮಾಡಿಸಲೇಬೇಕಾದ ತಂಡಗಳು ಇನ್ನೊಂದು ಕಡೆ. ತೋರಿಸುವವರು ಜಮಖಾನದ ಆಚೆ ಕುಳಿತೇ ತೋರಿಸಬೇಕು, ಮುಟ್ಟುವವರು ಮಗುವಿನ ಹಿಂದೆ ಅಥವಾ ಪಕ್ಕದಲ್ಲಿ ಇರಬೇಕು, ಮುಂದೆ ಬರುವ ಹಾಗಿಲ್ಲ. ಈ ಒಂದು ನಿಯಮಕ್ಕೇ ಟೀಚರುಗಳ ನಡುವೆ ಜಾಸ್ತಿ ಜಗಳ ಆಯಿತು. ನಾವು ಮುಂದೆ ಇಲ್ಲದಿದ್ದರೆ ಮಕ್ಕಳು ಗಾಬರಿಯಾಗುತ್ತವೆ ಅಂದರು. ಆಗುತ್ತವೆ, ನಿಜ. ಅದಕ್ಕೇ ಅಭ್ಯಾಸದಲ್ಲೇ ದಿನಕ್ಕೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾ ಹೋಗಬೇಕು. ನನಗೆ ಜಮಖಾನದ ಅಂಚು ತಲುಪುವುದಕ್ಕೆ ಐದು ವಾರ ಬೇಕಾಯಿತು.

ಇನ್ನು ಅಂಕ. ಪ್ರತಿ ತಂಡ ಸ್ಪರ್ಧೆಗೆ ಒಂದು ವಾರ ಮುಂಚೆ ಒಂದು ಪುಟ ಬರೆದು ಕೊಡಬೇಕು. ನಾವು ಇಂತಿಂಥ ಹೆಜ್ಜೆ ಮಾಡುತ್ತೇವೆ, ಇಷ್ಟು ಸಲ ಸಾಲು ಬದಲಿಸುತ್ತೇವೆ, ಈ ಮಗುವಿಗೆ ಇಂಥ ಸಹಾಯ ಬೇಕು ಅಂತ. ತೀರ್ಪುಗಾರರು ಅಂಕ ಕೊಡುವುದು ಆ ಪುಟವನ್ನು ಎದುರಿಗೆ ಇಟ್ಟುಕೊಂಡು. ಬರೆದುಕೊಟ್ಟಿದ್ದನ್ನು ಎಷ್ಟು ಚೊಕ್ಕವಾಗಿ ಮಾಡಿದರು ಅನ್ನುವುದಕ್ಕೆ 40. ಮಕ್ಕಳೇ ಎಷ್ಟು ಮಾಡಿದರು ಅನ್ನುವುದಕ್ಕೆ 20. ಸಾಲು ಬದಲಾವಣೆಗೆ 15, ಘೋಷಣೆಗೆ 15, ಒಟ್ಟು ಹುಮ್ಮಸ್ಸಿಗೆ 10. ಪುಟದಲ್ಲಿ ಬರೆದ ಸಹಾಯಕ್ಕೆ ಒಂದಂಕವೂ ಕಳೆಯುವಂತಿಲ್ಲ. ಬರೆಯದೇ ಇದ್ದ ಸಹಾಯ ಕೊಟ್ಟರೆ ಆ 20ರಲ್ಲಿ ಕಳೆಯಬೇಕು. ನಮ್ಮ ತಂಡದಲ್ಲಿ ವೀಲ್‌ಚೇರಿನ ಹುಡುಗಿ ಇದ್ದಾಳೆ, ಚೇರನ್ನು ಒಬ್ಬರು ತಳ್ಳಲೇಬೇಕು. ಅದು ಅವಳ ತಪ್ಪಲ್ಲ, ಕಳೆಯುವುದಕ್ಕೆ ಏನಿದೆ? ಆದರೆ ಅವಳ ಕೈ ಅವಳೇ ಎತ್ತುತ್ತಾಳೆ. ಬೆರಳಿಗೆ ಹಿಡಿತ ಸಾಲದು ಅಂತ ಕುಚ್ಚನ್ನು ವೆಲ್ಕ್ರೋ ಪಟ್ಟಿಯಲ್ಲಿ ಮಣಿಕಟ್ಟಿಗೆ ಕಟ್ಟಿದ್ದೆವು. ಎಣಿಕೆ ಐದಕ್ಕೆ ಬಲಗೈ ಶುರುವಾಗುತ್ತದೆ, ಏಳಕ್ಕೆ ಕಿವಿಯ ಹತ್ತಿರ ಬರುತ್ತದೆ, ಎಂಟಕ್ಕೆ ಮೇಲೆ. ಬೇರೆ ಮಕ್ಕಳು ಎಂಟಕ್ಕೆ ಶುರು ಮಾಡಿ ಎಂಟಕ್ಕೇ ಮುಗಿಸುತ್ತಾರೆ. ನಾಲ್ಕು ಎಣಿಕೆ ಬೇಕು ಅಂತ ಪುಟದಲ್ಲಿ ಬರೆದುಕೊಟ್ಟಿದ್ದೆವು, ಅವಳು ನಾಲ್ಕರಲ್ಲೇ ಮುಗಿಸಿದಳು. ಪೂರ್ತಿ ಅಂಕ ಬಂತು. ಅದು ಪಾಪ ಅಂತ ಕೊಟ್ಟಿದ್ದಲ್ಲ.

ಇದರಲ್ಲಿ ಮೋಸಕ್ಕೆ ದಾರಿ ಇದೆ ಅಂತ ನಮಗೂ ಗೊತ್ತಿತ್ತು. ಮಕ್ಕಳಿಗೆ ಬರುವುದನ್ನೇ ಬರುವುದಿಲ್ಲ ಅಂತ ಬರೆದುಕೊಟ್ಟು ಕೆಳಗಿನ ಗುಂಪಿಗೆ ಹೋಗಿ ಸುಲಭವಾಗಿ ಗೆಲ್ಲಬಹುದು. ಇಂಥದ್ದು ದೊಡ್ಡ ಮಟ್ಟದಲ್ಲೇ ಆಗಿದೆ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ಅಂಗವೈಕಲ್ಯದ ಬಾಸ್ಕೆಟ್‌ಬಾಲ್‌ನಲ್ಲಿ ಚಿನ್ನ ಗೆದ್ದ ಸ್ಪೇನ್ ತಂಡದ ಹನ್ನೆರಡು ಆಟಗಾರರಲ್ಲಿ ಹತ್ತು ಜನಕ್ಕೆ ಅಂಥ ಅಂಗವೈಕಲ್ಯವೇ ಇರಲಿಲ್ಲ. ಪದಕ ವಾಪಸ್ ತೆಗೆದುಕೊಂಡರು. ಆದರೆ ಅದರಿಂದ ಪೆಟ್ಟು ಬಿದ್ದಿದ್ದು ಯಾರಿಗೆ? ಆ ವಿಭಾಗದ ಸ್ಪರ್ಧೆಗಳನ್ನೇ ತೆಗೆದುಹಾಕಿದರು, ಮತ್ತೆ ಬಂದಿದ್ದು 2012ರ ಲಂಡನ್‌ನಲ್ಲಿ. ಪ್ರಾಮಾಣಿಕವಾಗಿ ಅಭ್ಯಾಸ ಮಾಡುತ್ತಿದ್ದ ಎಷ್ಟೋ ಮಕ್ಕಳ ವಯಸ್ಸು ಅಷ್ಟರಲ್ಲಿ ದಾಟಿಹೋಗಿತ್ತು. ಈ ಕಥೆಯನ್ನು ನಮ್ಮ ಸಭೆಯಲ್ಲಿ ಹೇಳಿದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಪ್ಪಿ, ಮುಂಚಿನ ದಿನ ಒಂದು ಪ್ರಯೋಗದ ಸುತ್ತು ಇಟ್ಟುಕೊಂಡೆವು. ಅದರಲ್ಲಿ ಒಂದು ತಂಡ ಪುಟದಲ್ಲಿ ಬರೆದಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಮಾಡಿತು. ಅವರು ಬೇಕು ಅಂತ ಬಚ್ಚಿಟ್ಟಿರಲಿಲ್ಲ, ಟೀಚರಿಗೆ ಮಕ್ಕಳ ಮೇಲೆ ನಂಬಿಕೆ ಕಡಿಮೆ ಇತ್ತು ಅಷ್ಟೇ. ಮೇಲಿನ ಗುಂಪಿಗೆ ಹಾಕಿದೆವು. ಟೀಚರ್ ಬೇಜಾರು ಮಾಡಿಕೊಂಡರು. ಮರುದಿನ ಮಕ್ಕಳು ಆ ಗುಂಪಿನಲ್ಲೇ ಎರಡನೆಯವರಾಗಿ ಬಂದರು.

ಇನ್ನೊಂದು ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲ ಇರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಮಗುವಿನ ಕೈಯಲ್ಲಿ ಲಾಗ ಹೊಡೆಸಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ನಮ್ಮ ತಂಡದಲ್ಲಿ ಒಬ್ಬ ಹುಡುಗನಿಗೆ ಲಾಗ ಅಂದರೆ ಪ್ರಾಣ. ಡಾಕ್ಟರ ಹತ್ತಿರ ಕತ್ತು ತೋರಿಸಿ ಬರುವ ತನಕ ಬೇಡ ಅಂದೆ, ಅತ್ತ. ನಾನೂ ಗಟ್ಟಿಯಾಗಿ ನಿಂತೆ. ಅಂಕದ ಹಾಳೆಯಲ್ಲೇ ಬರೆದುಬಿಟ್ಟೆವು: ಲಾಗ, ಪಿರಮಿಡ್, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಲ್ಲುವುದು ಯಾವುದಕ್ಕೂ ಅಂಕ ಇಲ್ಲ. ಅಂಕ ಇದ್ದರೆ ಯಾರಾದರೂ ಮಾಡಿಸಿಯೇ ಮಾಡಿಸುತ್ತಾರೆ.

ಹಾಳೆಯಲ್ಲಿ ನನ್ನ ತಪ್ಪೂ ಒಂದಿತ್ತು. ಘೋಷಣೆಗೆ 15 ಅಂಕ ಅಂತ ಇಟ್ಟಾಗ ನನ್ನ ಮನಸ್ಸಿನಲ್ಲಿ ಇದ್ದಿದ್ದು ಗಂಟಲು ಮಾತ್ರ. ಒಂದು ತಂಡದಲ್ಲಿ ಇಬ್ಬರು ಮಕ್ಕಳಿಗೆ ಕಿವಿಯೂ ಕೇಳುವುದಿಲ್ಲ. ಅವರು "ಹಾಸನ" ಅನ್ನುವುದನ್ನು ಸನ್ನೆಯಲ್ಲಿ, ಎರಡೂ ಕೈ ಎತ್ತಿ, ಮುಖವೆಲ್ಲ ಅರಳಿಸಿ ಕೂಗಿದರು. ಕೂಗಿದರು ಅಂತಲೇ ಹೇಳುತ್ತೇನೆ. ಇಬ್ಬರು ತೀರ್ಪುಗಾರರು ಅದಕ್ಕೆ ಏನು ಹಾಕಬೇಕು ಅಂತ ತಿಳಿಯದೆ ಖಾಲಿ ಬಿಟ್ಟಿದ್ದರು. ಅಲ್ಲೇ ನಿಲ್ಲಿಸಿ, ಎಲ್ಲ ತಂಡದವರನ್ನೂ ಕರೆದು, ಸನ್ನೆಯೂ ಘೋಷಣೆಯೇ ಅಂತ ಒಪ್ಪಿಸಿ ಅಂಕ ತುಂಬಿಸಿದೆವು. ಮುಂಚೆಯೇ ಬರೆದಿಡಬೇಕಿತ್ತು. ಹಾಗೇ ಸೀಟಿ. ಶುರು ಮಾಡುವುದಕ್ಕೆ ಪೀಪಿ ಅಂತ ಊದಿದ ತಕ್ಷಣ ಆಟಿಸಂ ಇರುವ ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಶಾಮಿಯಾನದ ಹೊರಗೆ ಓಡಿದ. ಅವನ ತಂಡಕ್ಕೆ ಮತ್ತೆ ಅವಕಾಶ ಕೊಟ್ಟೆವು, ಸೀಟಿ ಬದಲು ಹಸಿರು ಬಾವುಟ ಬೀಸಿದೆವು. ಇದು ರಿಯಾಯಿತಿ ಅಲ್ಲ. ಸೀಟಿ ಊದಿದ್ದು ನಾವು.

ಅಭ್ಯಾಸದ ಬಗ್ಗೆ ಒಂದು ಮಾತು. ಸಕಲೇಶಪುರ, ಬೇಲೂರು ಕಡೆ ಡಿಸೆಂಬರ್ ಅಂದರೆ ಕಾಫಿ ಕುಯ್ಲು. ತೋಟದ ಕೆಲಸಕ್ಕೆ ಹೋಗುವ ಅಪ್ಪ ಅಮ್ಮ ಮಗುವನ್ನು ಸ್ಕೂಲಿಗೆ ಬಿಡುವುದಕ್ಕೇ ಆಗುವುದಿಲ್ಲ. ಹಾಗಾಗಿ ನಾವು ಸ್ಪರ್ಧೆಯನ್ನು ನವೆಂಬರ್ ಮೊದಲ ವಾರಕ್ಕೆ ತಂದೆವು. ಅರ್ಧ ತಂಡ ಮನೆಯಲ್ಲಿ ಇರುವಾಗ ಅಂಕದ ಹಾಳೆ ಎಷ್ಟು ಚೆನ್ನಾಗಿದ್ದರೂ ಅದು ನ್ಯಾಯದ ಸ್ಪರ್ಧೆ ಆಗುವುದಿಲ್ಲ.

ಮುಗಿದ ಮೇಲೆ ಪ್ರತಿ ತಂಡಕ್ಕೂ ಅವರ ಅಂಕದ ಹಾಳೆಯ ಜೆರಾಕ್ಸ್ ಕೊಟ್ಟೆವು. ಇದು ಬೇಡ, ಪೋಷಕರು ಗಲಾಟೆ ಮಾಡುತ್ತಾರೆ ಅಂತ ಕೆಲವರು ಹೆದರಿಸಿದ್ದರು. ಅರಕಲಗೂಡು ಕಡೆಯ ಒಬ್ಬ ತಂದೆ ಹಾಳೆ ಹಿಡಿದುಕೊಂಡು ನೇರ ನನ್ನ ಹತ್ತಿರವೇ ಬಂದರು. "ಸಾಲು ಬದ್ಲಾಯ್ಸೋದ್ರಲ್ಲಿ ಹದಿನೈದಕ್ಕೆ ಎಂಟು ಹಾಕವ್ರೆ. ಯಾಕೆ ಮೇಡಂ?" ನಾನು ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೋ ಹಾಕಿ ತೋರಿಸಿದೆ. ಎರಡನೇ ಸಲ ಸಾಲು ಬದಲಿಸುವಾಗ ಅವರ ಮಗ ಮತ್ತು ಪಕ್ಕದ ಹುಡುಗ ಒಂದೇ ಜಾಗಕ್ಕೆ ಬಂದು ನಿಂತಿದ್ದರು. ಅವರು ಅದನ್ನೇ ಮೂರು ಸಲ ನೋಡಿದರು. "ಹೌದು, ಇವನೇ ಈ ಕಡೆ ಬರ್ಬೇಕಿತ್ತು" ಅಂದರು. ಆಮೇಲೆ ಹೇಳಿದರು, ಹದಿಮೂರು ವರ್ಷದಲ್ಲಿ ನನ್ನ ಮಗ ತಪ್ಪು ಮಾಡಿದ ಅಂತ ಯಾರೂ ಹೀಗೆ ಕೂರಿಸಿಕೊಂಡು ಹೇಳಿರಲಿಲ್ಲ ಅಂತ. ಎಲ್ಲರೂ ಬುಡಿ ಬುಡಿ ಅನ್ನುತ್ತಿದ್ದರಂತೆ.

ನಮ್ಮ ತಂಡ ಮೂರನೆಯದಾಗಿ ಬಂತು, 71 ಅಂಕ. ಸ್ಟೀಲ್ ಡಬ್ಬಿ ಹಿಡಿದು ಕೂತಿದ್ದ ಹುಡುಗಿ ಈಗ ಹದಿನೆಂಟು ದಾಟಿದ್ದಾಳೆ, ಮುಂದಿನ ಸಾಲಿನಲ್ಲಿ ನಿಲ್ಲುತ್ತಾಳೆ. ಸೋಮವಾರ ಬಂದ ತಕ್ಷಣ ಹಾಳೆ ಎಲ್ಲಿ ಅಂತ ಕೇಳಿದಳು. ಅವಳಿಗೆ ಅಕ್ಷರ ಅಷ್ಟಾಗಿ ಬರುವುದಿಲ್ಲ, ಅಂಕೆ ಬರುತ್ತದೆ. 15ರ ಪಕ್ಕದಲ್ಲಿ 9 ಇರುವುದನ್ನು ಬೆರಳಿಟ್ಟು ಹುಡುಕಿದಳು. ಯಾವುದು ಇದು ಅಂದಳು. ಘೋಷಣೆ ಅಂದೆ. ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಕುಚ್ಚು ಇಲ್ಲದೆಯೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿಕೊಂಡು ಕೂಗಿಸಲು ಶುರು ಮಾಡಿದಳು. ಪಕ್ಕದ ಮನೆಯವರು ಬಂದು, ಮಗು ಮಲಗಿದೆ ಸ್ವಲ್ಪ ಮೆಲ್ಲಗೆ ಅಂತ ಕೇಳಿಕೊಂಡು ಹೋದರು.